ಮಾವನನ್ನು ಕೂರಿಸಿದ್ದು

ಪುಣೆಯ ಧನಕವಡಿಯಲ್ಲಿ ನಮ್ಮ ಹೋಟೆಲಿರುವ ಗಲ್ಲಿಯಲ್ಲಿ ಆಗಾಗ ಒಬ್ಬ ಸೋಫಾ-ಕುರ್ಚಿ ರಿಪೇರಿಯವನು ಸೈಕಲ್ ತಳ್ಳಿಕೊಂಡು ಕೂಗುತ್ತಾ ಹೋಗುತ್ತಾನೆ. ಹೋದ ವಾರ ಅವನನ್ನು ಒಳಗೆ ಕರೆದು, ಗಲ್ಲಾದ ಹಿಂದಿರುವ ನನ್ನ ಕುರ್ಚಿಯನ್ನು ತೋರಿಸಿದೆ. ಎತ್ತರದ ಬೆನ್ನಿನ, ಎರಡೂ ಕಡೆ ತೋಳಿರುವ, ತಿರುಗುವ ಕುರ್ಚಿ. ಅವನು ಬಗ್ಗಿ ಸೀಟಿನ ಮೇಲೆ ಅಂಗೈಯೂರಿ ಒತ್ತಿದ. ಒತ್ತಿದ ಜಾಗ ಮೇಲೆ ಬರಲೇ ಇಲ್ಲ. ಇನ್ನೊಮ್ಮೆ ಒತ್ತಿ, ನನ್ನ ಮುಖ ನೋಡಿ, ಆಮೇಲೆ ನನ್ನ ಮೈಯ ಸುತ್ತಳತೆಯನ್ನೂ ಒಮ್ಮೆ ನೋಡಿ, "ಅಣ್ಣಾ, ಸ್ಪಂಜ್ ಗೇಲಾ. ಪಾರ ಬಸಲಾಯ" ಅಂದ. ಸ್ಪಂಜು ಹೋಯಿತು, ಪೂರ್ತಿ ಕೂತುಬಿಟ್ಟಿದೆ ಎಂದು.

ಅವನು ಹೇಳಿದ್ದು ಸುಳ್ಳಲ್ಲ. ನಾನು ಆಗ ಎದ್ದು ನಿಂತಿದ್ದೆ. ಆದರೂ ಕುರ್ಚಿಯಲ್ಲಿ ನನ್ನ ಆಕಾರ ಹಾಗೇ ಕೂತಿತ್ತು. ಹೊಸ ಸ್ಪಂಜು ಹಾಕಿದರೆ ಮತ್ತೆ ಹತ್ತು ವರ್ಷ ಚಿಂತೆ ಇಲ್ಲ ಎಂದು ಅವನು ಆಸೆ ತೋರಿಸಿದ. ಬೇಡ ಮಾರಾಯ ಎಂದು ಕಳಿಸಿಬಿಟ್ಟೆ. ಯಾಕೆ ಬೇಡವೆಂದೆ ಎಂದು ನಿಮಗೆ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಇಷ್ಟು ವರ್ಷ ಕೂತಲ್ಲೇ ಕೂತವನು ಮಾತಿನಲ್ಲಾದರೂ ಅಡ್ಡಾಡಲಿ ಬಿಡಿ.

ನಾನು ಕುಂದಾಪುರದ ಕಡೆಯವನು. ಪುಣೆಯಲ್ಲಿ ಇಡ್ಲಿ ಮಾರುವವರೆಲ್ಲ ಅಣ್ಣಾ ಆಗುವುದರಿಂದ ನಾನೂ ಅಣ್ಣಾ. ನನಗಿಂತ ಹಿರಿಯರೂ ಅಣ್ಣಾ ಎನ್ನುತ್ತಾರೆ, ಅಮ್ಮನ ಕಂಕುಳಲ್ಲಿ ಕೂತು ಬರುವ ಕೂಸುಗಳೂ ಎನ್ನುತ್ತವೆ. ನಮ್ಮ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಘಟ್ಟ ಹತ್ತಿ ಬಂದವರ ಏಳಿಗೆ ಅಳೆಯುವುದಕ್ಕೆ ಊರಿನಲ್ಲಿ ಇದ್ದದ್ದು ಒಂದೇ ಅಳತೆ: ಹುಡುಗ ಇನ್ನೂ ನಿಂತಿದ್ದಾನೋ, ಕೂತನೋ? ಬಂದವನು ಮೊದಲು ಸೊಂಟ ಬಗ್ಗಿಸಿ ಕಪ್ಪು-ಬಸಿ ತೊಳೆಯಬೇಕು. ಆಮೇಲೆ ಸ್ವಲ್ಪ ನೆಟ್ಟಗಾಗಿ ಟೇಬಲ್ ಒರೆಸಬೇಕು. ಅದಾದ ಮೇಲೆ ಸಪ್ಲೈಯರ್ ಆಗಿ, ಒಂದು ಕೈಯಲ್ಲಿ ನಾಲ್ಕು ಪ್ಲೇಟು ಹಿಡಿದು ಓಡಬೇಕು. ಹೀಗೆ ಬಗ್ಗಿ, ನಿಂತು, ಓಡಿ ಓಡಿ, ದೇವರ ದಯೆಯೂ ಮಾಲಿಕರ ದಯೆಯೂ ಒಟ್ಟಿಗೆ ಕೂಡಿಬಂದರೆ ಒಂದು ದಿನ ಗಲ್ಲಾದಲ್ಲಿ ಕೂರಬೇಕು. ಅದರಿಂದಾಚೆ ಮೋಕ್ಷ ಮಾತ್ರ. ಸರಕಾರಿ ಕೆಲಸದಲ್ಲಿ ಬಡ್ತಿ ಸಿಕ್ಕಿದರೆ ಕುರ್ಚಿ ಬದಲಾಗುತ್ತದೆ. ನಮ್ಮಲ್ಲಿ ಕುರ್ಚಿ ಸಿಗುವುದೇ ಬಡ್ತಿ.

ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಿದ್ದುದು ಊಟದ ಮಾತಲ್ಲ, ಪುಣೆಯ ಚಳಿಯ ಮಾತಲ್ಲ. ಅಂಗಳದಲ್ಲಿ ಕಾಲು ತೊಳೆಯಲು ನೀರು ಕೊಡುತ್ತಾ, "ಇನ್ನೂ ನಿಂತೇ ಇದ್ಯನಾ?" ಎಂದು ಕೇಳುತ್ತಿದ್ದಳು. ಹೌದು, ಇನ್ನೂ ಕೂತಿಲ್ಲ ಎನ್ನಲು ನನಗೆ ನಾಚಿಕೆಯಾಗುತ್ತಿತ್ತು. ಆಗ ನನ್ನ ಕಾಲುಗಳು ಹೇಗಿದ್ದವೆಂದರೆ, ಬಸ್ಸು ಇಳಿದ ಮೇಲೆ ಗದ್ದೆಯ ಅಂಚಿನಲ್ಲಿ ಹೆಗಲ ಮೇಲೆ ಟ್ರಂಕು ಇಟ್ಟುಕೊಂಡು ಓಡಿಯೇ ಮನೆ ಸೇರುತ್ತಿದ್ದೆ. ಅಂಥ ಕಾಲುಗಳನ್ನು ಇಟ್ಟುಕೊಂಡು ನಾನು ನಾಚಿಕೆಪಟ್ಟೆನಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ.

ನನ್ನ ಮದುವೆಯ ಮಾತುಕತೆಯೂ ಇದೇ ಅಳತೆಯಲ್ಲಿ ನಡೆಯಿತು. ಸುಮತಿ ಮಂಗಳೂರು ಕಡೆಯವಳು, ಓದಿದವಳು. ಹುಡುಗನ ಬಣ್ಣ, ಎತ್ತರ, ಓದು ಯಾವುದರಲ್ಲೂ ಹೇಳಿಕೊಳ್ಳುವಂಥದ್ದು ಸಿಗದೆ ನಮ್ಮ ಕಡೆಯವರು, "ಹುಡುಗ ಗಲ್ಲಾದಲ್ಲಿ ಕೂತ್ಕೊಳ್ತಾನೆ" ಎಂದು ಎದೆ ಮುಂದೆ ಮಾಡಿ ಹೇಳಿದರು. ಅದೊಂದೇ ಮಾತಿಗೆ ಅವಳ ಅಪ್ಪ ಒಪ್ಪಿದರು. ಇವತ್ತಿಗೂ ಮನೆಯಲ್ಲಿ ನಾನು ರಿಮೋಟು ಎಲ್ಲಿದೆ ಎಂದು ಕೂತಲ್ಲಿಂದ ಕೇಳಿದರೆ ಸುಮತಿ ಅಡುಗೆಮನೆಯಿಂದಲೇ ಹೇಳುತ್ತಾಳೆ: "ಕೂತ್ಕೊಳ್ಳುವ ಹುಡುಗ ಅಂತ ಹೇಳಿದ್ರು. ಏಳುವುದೇ ಇಲ್ಲ ಅಂತ ಒಬ್ಬರಾದ್ರೂ ಹೇಳ್ಳಿಕ್ಕೆ ಬೇಡ್ವಾ?"

ಈ ಅಳತೆಗೆಲ್ಲ ಹೊರಗಿದ್ದವರು ಒಬ್ಬರೇ. ಅಚ್ಯುತ ಮಾವ, ನನ್ನ ಅಮ್ಮನ ಅಣ್ಣ. ಹೋಟೆಲು ಶುರುಮಾಡಿದವರು ಅವರು, ನನ್ನನ್ನು ಊರಿನಿಂದ ಕರೆತಂದವರೂ ಅವರೇ. ಅವರಿಗೆ ಮಕ್ಕಳಿಲ್ಲ, ಅತ್ತೆ ಹೋದ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಹೋಟೆಲಿನ ಮಾಲಿಕರಾಗಿಯೂ ಮಾವ ಗಲ್ಲಾದಲ್ಲಿ ಕೂತದ್ದನ್ನು ಆ ಕಾಲದಲ್ಲಿ ನಾನು ಕಂಡದ್ದೇ ಇಲ್ಲ. ಅಲ್ಲಿ ಮೊದಲು ಅವರ ದೂರದ ನೆಂಟರೊಬ್ಬರು ಕೂರುತ್ತಿದ್ದರು, ಅವರ ನಂತರ ನಾನು. ಮಾವ ಹೆಗಲ ಮೇಲೊಂದು ಬಿಳಿ ಟವೆಲ್ ಹಾಕಿಕೊಂಡು ಬೆಳಗಿನ ಬಾಗಿಲು ತೆಗೆದಾಗಿನಿಂದ ಟೇಬಲ್‌ಗಳ ನಡುವೆ ಓಡಾಡುತ್ತಲೇ ಇರುತ್ತಿದ್ದರು. ಬಾಗಿಲಿನಿಂದ ಅಡುಗೆಕೋಣೆಯ ಕಿಂಡಿಯವರೆಗೆ, ಕಿಂಡಿಯಿಂದ ಬಾಗಿಲಿನವರೆಗೆ. ಹಾದುಹೋಗುವಾಗ ಪ್ರತಿ ಟೇಬಲ್ಲಿನ ಮೂಲೆಯನ್ನೂ ಅಂಗೈಯಿಂದ ಒಮ್ಮೆ ಮುಟ್ಟುವರು, ತಿನ್ನುತ್ತಿದ್ದವರ ಮುಖ ನೋಡಿ, "ಕಸಂ ಆಹೆ? ಗರಮ್ ಆಹೆ ನಾ?" ಎಂದು ಕೇಳುವರು. ಹೇಗಿದೆ, ಬಿಸಿಯಾಗಿದೆಯಾ ಎಂದು ಕೇಳದೆ ಅವರು ಯಾರನ್ನೂ ದಾಟಿ ಹೋದವರಲ್ಲ. ಕಾಫಿಯನ್ನೂ ಕಿಂಡಿಗೆ ಒರಗಿ ನಿಂತೇ ಕುಡಿಯುತ್ತಿದ್ದರು.

ಟೇಬಲ್‌ಗಳನ್ನು ಹೊಂದಿಸಿದ್ದೂ ಅವರೇ. ಒಂದು ಟೇಬಲ್ಲಿನಿಂದ ಕೈ ತೆಗೆಯುವಾಗ ಇನ್ನೊಂದು ಕೈ ಮುಂದಿನ ಟೇಬಲ್ಲಿಗೆ ಸಿಗಬೇಕು, ಅಷ್ಟೇ ದೂರ. ತುಂಬಿದ ಸಾಂಬಾರಿನ ಬಕೆಟ್ಟು ಹಿಡಿದವನಿಗೆ ಕಾಲು ಜಾರಿದರೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ ಎನ್ನುವುದು ಅವರ ಲೆಕ್ಕ. ವ್ಯಾಯಾಮ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಬೆಳಿಗ್ಗೆ ಟೇಕಡಿ, ಅಂದರೆ ಊರಿನ ಗುಡ್ಡ, ಹತ್ತಿ, ಬೆವರು ಒರೆಸಿಕೊಳ್ಳುತ್ತಾ ಇಡ್ಲಿಗೆ ಬರುವ ಪುಣೇಕರರನ್ನು ಕಂಡು, "ಪಾಪ, ಇವ್ರಿಗೆ ನಡುಕೆ ಬೇರೆ ಜಾಗವೇ ಇಲ್ಲೆ" ಎಂದು ಮರುಗುತ್ತಿದ್ದರು.

ಮಾವನದ್ದು ಇನ್ನೊಂದು ಕ್ರಮ ಹೇಳಬೇಕು, ಮರೆತರೆ ಮುಂದಿನದು ನಿಮಗೆ ತಿಳಿಯದು. ಗಿರಾಕಿಗೆ 'ಇಲ್ಲ' ಎನ್ನಬಾರದು. ಇಡ್ಲಿ ಖಾಲಿಯಾಗಿದ್ದರೆ 'ಇಡ್ಲಿ ಇಲ್ಲ' ಎನ್ನುವ ಹಾಗಿಲ್ಲ, 'ದೋಸೆ ಬಿಸಿ ಬಿಸಿ ಇದೆ' ಎನ್ನಬೇಕು. ಕೂತವರು ಫ್ಯಾನ್ ಜೋರು ಮಾಡಿ ಎಂದರೆ ಜೋರು. ಪಕ್ಕದವರು ಕಡಿಮೆ ಮಾಡಿ ಎಂದರೆ ಅವರನ್ನೇ ಬೇರೆ ಟೇಬಲ್ಲಿಗೆ ನಯವಾಗಿ ಸಾಗಿಸಬೇಕು. ಹೀಗೆ ಇಡೀ ದಿನ 'ಇಲ್ಲ' ಎನ್ನದೆ ಬದುಕಿ ಬದುಕಿ, ಮನೆಯವರಿಗೂ ಅವರು 'ಇಲ್ಲ' ಎನ್ನುವುದನ್ನು ಬಿಟ್ಟುಬಿಟ್ಟಿದ್ದರು. ನಾನು ಹುಡುಗನಾಗಿದ್ದಾಗ ಸಿನಿಮಾಕ್ಕೆ ಹೋಗಲಾ ಎಂದು ಕೇಳಿದರೆ, ರಜೆಯಲ್ಲದೆ ನಡುವೆ ಊರಿಗೆ ಹೋಗಿ ಬರಲಾ ಎಂದರೆ, "ಕಾಂಬ" ಎನ್ನುತ್ತಿದ್ದರು. ನಮ್ಮ ಕಡೆ 'ಕಾಂಬ' ಎಂದರೆ ನೋಡೋಣ ಎಂದು. ಮಾವ ಕಾಂಬ ಎಂದರೆ ಸಿನಿಮಾ ಇಲ್ಲ, ಊರೂ ಇಲ್ಲ. ಒಮ್ಮೆಯೂ ಅದು ಬೇರೆಯಾದದ್ದಿಲ್ಲ.

ಹೋಟೆಲನ್ನು ಒಡೆದು ಹೊಸದಾಗಿ ಕಟ್ಟಿಸಿದಾಗ ನಮಗೆಲ್ಲ ಒಂದು ಒಳ್ಳೆಯ ಬುದ್ಧಿ ಬಂತು. ಬಂದದ್ದು ಒಳ್ಳೆಯ ಬುದ್ಧಿಯೇ, ಅದೇ ದುಃಖ. ಜೀವಮಾನವಿಡೀ ನಿಂತ ಮನುಷ್ಯ, ಇನ್ನಾದರೂ ಕೂರಲಿ ಎಂದುಕೊಂಡೆವು. ನಾನು, ಸುಮತಿ, ಮಾವನ ಕಾಲದಿಂದ ಇರುವ ಸಪ್ಲೈಯರ್, ಇಲ್ಲೇ ಪುಣೆ ಕಡೆಯ ಶಿರೂರಿನ ರಮೇಶ, ಎಲ್ಲರೂ ಸೇರಿ ಆರಿಸಿ ತಂದದ್ದು ಈ ಕುರ್ಚಿ. ಅಂಗಡಿಯಲ್ಲಿ ನಾವು ಮೂವರೂ ಸರದಿಯಲ್ಲಿ ಅದರ ಮೇಲೆ ಕೂತು ಒಂದೊಂದು ಸುತ್ತು ತಿರುಗಿ ನೋಡಿದ್ದೆವು. ಹೊಸ ಹೋಟೆಲಿನ ಪೂಜೆಯ ದಿನ ಕುರ್ಚಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಮಾವನ ಕೈ ಹಿಡಿದು ಕೂರಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಮದುಮಗನ ಹಾಗೆ ಮುದುಡಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅಮ್ಮ ಇದ್ದಿದ್ದರೆ ಅಣ್ಣ ಕೊನೆಗೂ ಕೂತ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಪುಣೆಯಲ್ಲಿ ಗಣಪತಿ ಕೂರಿಸುವ ಸಡಗರ ನಿಮಗೆ ಗೊತ್ತೇ ಇದೆ. ಆದರೆ ಗಣಪತಿಯನ್ನು ಎಷ್ಟೇ ವೈಭವದಿಂದ ಕೂರಿಸಿದರೂ ಹತ್ತು ದಿನವಾದ ಮೇಲೆ ಏಳಿಸುತ್ತಾರೆ, ಢೋಲು ಬಾರಿಸಿ ಊರು ಸುತ್ತಿಸುತ್ತಾರೆ. ನಾವು ಮಾವನನ್ನು ಕೂರಿಸಿದೆವು, ಏಳಿಸುವುದನ್ನು ಮರೆತೆವು.

ಮೊದಮೊದಲು ಮಾವ ಏಳುತ್ತಿದ್ದರು. ಬಾಗಿಲಲ್ಲಿ ಹಳೆಯ ಗಿರಾಕಿ ಕಂಡರೆ ಟವೆಲ್ ಹುಡುಕುತ್ತಾ ಎದ್ದುಬಿಡುವರು. ಕೂಡಲೇ ನಾನು ಓಡಿಬಂದು, "ನೀವು ಕೂಕಣಿ ಮಾವ, ನಾನ್ ಕಾಣ್ತೆ" ಎನ್ನುವೆ. ಆ ಕಡೆಯಿಂದ ರಮೇಶ, "ಅಣ್ಣಾ, ತುಮ್ಹಿ ಬಸಾ" ಎನ್ನುವನು. ಆ ಹಳೆಯ ಗಿರಾಕಿಯೂ, "ಅರೇ ಬಸಾ, ಬಸಾ" ಎನ್ನುವನು. ಕೂತ್ಕೊಳ್ಳಿ ಎನ್ನುವ ಈ 'ಬಸಾ' ಈ ಊರಿನ ಮರ್ಯಾದೆಯ ಮೊದಲ ಮಾತು. ಯಾರ ಮನೆಗೆ ಹೋಗಿ, ಯಾವ ಅಂಗಡಿಗೆ ಹೋಗಿ, ಮೊದಲು ಬಸಾ. ನಮ್ಮಲ್ಲಿಯೂ ಹಾಗೇ ತಾನೆ? ಬಂದವರನ್ನು ಕೂರಿಸದಿದ್ದರೆ ಬಂದದ್ದೇ ಲೆಕ್ಕಕ್ಕಿಲ್ಲ. ಮನುಷ್ಯನ ಮೇಲೆ ಪ್ರೀತಿ ಬಂದರೆ ಅವನನ್ನು ಕೂರಿಸುವುದು ಬಿಟ್ಟು ಬೇರೆ ಏನಾದರೂ ಮಾಡಬಹುದು ಎಂದು ನಮಗೆ ಯಾರೂ ಕಲಿಸಲಿಲ್ಲ. ಮಾವನ ಕೈಗೆಟಕುವಲ್ಲಿ ನೀರಿನ ತಂಬಿಗೆ ಬಂತು. ಕಾಫಿ ಕುರ್ಚಿಗೇ ಬಂತು. ಕರೆಯಲು ಕೂಗಬಾರದು ಎಂದು ನಾನೇ ಒಂದು ಗಂಟೆಯನ್ನೂ ತಂದಿಟ್ಟೆ.

ಮಾವ ಬೀಳಲಿಲ್ಲ. ದೊಡ್ಡ ಕಾಯಿಲೆ ಯಾವುದೂ ಬರಲಿಲ್ಲ. ಕಾಲುಗಳು ಮೆಲ್ಲಗೆ ಕೆಲಸ ಮರೆತವು, ಅಷ್ಟೇ. ಮೊದಲು ಎರಡು ಮೆಟ್ಟಿಲಿಗೆ ಕೈ ಆಸರೆ ಬೇಕಾಯಿತು. ಆಮೇಲೆ ಕುರ್ಚಿಯಿಂದ ಏಳುವಾಗ "ಹ್ವಾಯ್, ಸ್ವಲ್ಪ ಕೈ ಕೊಡಿ" ಎನ್ನತೊಡಗಿದರು. ಆಮೇಲೆ ಹೋಟೆಲಿಗೆ ಬರುವುದೇ ನಿಂತಿತು. ನಾವು ಅದನ್ನು ವಯಸ್ಸು ಎಂದುಕೊಂಡೆವು. ವಯಸ್ಸು ಅನ್ನುವುದು ಬಹಳ ಅನುಕೂಲದ ಮಾತು, ಅದರ ಮೇಲೆ ಏನು ಹಾಕಿದರೂ ಹೊರುತ್ತದೆ. ಮಾವ ನಮ್ಮ ಫ್ಲಾಟಿನ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಗೆ ಹೋದರು. ತಿರುಗುವ ಕುರ್ಚಿಗೆ ನಾನು ಬಂದೆ.

ಅಲ್ಲಿಂದ ನಾನು ಏಳಲಿಲ್ಲ ಎಂಬುದಕ್ಕೆ ಆ ಸ್ಪಂಜೇ ಸಾಕ್ಷಿ. ಈ ವರ್ಷ ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಬಿದ್ದ ಸೋಪು ಎತ್ತಿಕೊಳ್ಳಲು ಬಗ್ಗಿದವನಿಗೆ ಮತ್ತೆ ನೆಟ್ಟಗಾಗಲು ಗೋಡೆಯ ಸಹಾಯ ಬೇಕಾಯಿತು. ಸುಮತಿ ನನ್ನನ್ನು ಡಾಕ್ಟರಮ್ಮನಲ್ಲಿಗೆ ಕರೆದುಕೊಂಡು ಹೋದಳು. ಅವರು ವಿಜಯಪುರದ ಕಡೆಯವರು, ಪುಣೆಯಲ್ಲೇ ಓದಿ ಇಲ್ಲೇ ನೆಲೆಸಿದವರು. ಕನ್ನಡದವರೆಂದು ಗೊತ್ತಾದರೆ ಅರ್ಧ ಔಷಧಿ ಮಾತಿನಲ್ಲೇ ಕೊಡುತ್ತಾರೆ.

"ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದರು.

"ಹೋಟೆಲು," ಅಂದೆ.

"ಹೋಟೆಲ್‌ನ್ಯಾಗ ಏನ್ ಮಾಡ್ತೀರಿ?"

"ಗಲ್ಲಾದಲ್ಲಿ ಕೂತ್ಕೊಳ್ತೇನೆ," ಎಂದೆ, ಹಳೆಯ ಹೆಮ್ಮೆಯಿಂದಲೇ.

"ಅದ ನಿಮ್ಮ ಜಡ್ಡು ನೋಡ್ರಿ," ಅಂದರು. "ನಿಮ್ಮ ಕಾಲಿಗೆ ಏನೂ ಆಗಿಲ್ರೀ. ಕಾಲಿಗೆ ಕೆಲಸಾ ಕೊಟ್ಟಿಲ್ಲ ನೀವು, ಅದಕ್ಕ ಸಿಟ್ಟಿಗೆದ್ದಾವ. ಗುಳಗಿ ಬರದು ಕೊಟ್ರ ಅದನ್ನೂ ಕುಂತ ನುಂಗ್ತೀರಿ. ಜಿಮ್ಮು ಗಿಮ್ಮು ಏನೂ ಬ್ಯಾಡ. ಸುಮ್ಮ ಏಳ್ರಿ. ನಿಮ್ಮ ನೀರು ನೀವ ಎದ್ದು ತಗೊಂಡು ಕುಡೀರಿ. ಫೋನ್ ಬಂದ್ರ ನಿಂತು ಮಾತಾಡ್ರಿ. ಸಾಮಾನಾ ಬೇಕಂದ್ರ ನಡಕೊಂಡು ಹೋಗಿ ತರ್ರಿ. ಭಾಳ ದೊಡ್ಡ ಮಾತೇನಲ್ಲ." ಆಮೇಲೆ ಸುಮತಿಯ ಕಡೆ ತಿರುಗಿ, "ಅಕ್ಕಾರ, ಇವರ ಕೈಯಾಗ ನೀರ್ ಕೊಡಬ್ಯಾಡ್ರಿ ಇನ್ನ" ಎಂದರು. ಸುಮತಿಗೆ ಹಬ್ಬವಾಯಿತು.

ಆದರೂ ಮನುಷ್ಯನಿಗೆ ಸುಲಭದ್ದು ಹೇಳಿದರೆ ನಂಬಿಕೆ ಬರುವುದಿಲ್ಲ ನೋಡಿ. ನಾನು ಬೂಟು ಕೊಂಡೆ, ಟೀ ಶರ್ಟು ಕೊಂಡೆ, ತಳಜಾಯಿ ಟೇಕಡಿಗೆ ಹೊರಟೆ. ಮೊದಲ ತಿರುವಿನಲ್ಲೇ ಒಂದು ಬೆಂಚು. ಅದರ ಮೇಲೆ ನಮ್ಮ ಹೋಟೆಲಿನ ಗಿರಾಕಿಗಳು ನಾಲ್ವರು. "ಅರೇ ಅಣ್ಣಾ! ಯಾ, ಬಸಾ!" ಎಂದು ಸರಿದು ಜಾಗ ಮಾಡಿದರು. ಗಿರಾಕಿಗಳು ಕರೆದ ಮೇಲೆ ಕೂರದಿರಲು ಆಗುತ್ತದೆಯೇ? ಮಾವನ ಶಿಷ್ಯ ನಾನು. ಬಿಸಿಲು ಏರುವವರೆಗೆ ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಚರ್ಚೆ ನಡೆಯಿತು. ಎಲ್ಲರೂ ಒಟ್ಟಿಗೆ ರಿಕ್ಷಾದಲ್ಲಿ ಇಳಿದು ಬಂದು ನಮ್ಮ ಹೋಟೆಲಿನಲ್ಲೇ ವಡೆ ತಿಂದೆವು. ಬೂಟು ಈಗಲೂ ಹೊಸತಾಗಿಯೇ ಇದೆ.

ಕೊನೆಗೆ ಡಾಕ್ಟರಮ್ಮ ಹೇಳಿದ್ದನ್ನೇ ಮಾಡೋಣ ಎಂದು ಗಲ್ಲಾದಿಂದ ಎದ್ದು, ಒಂದು ಟೇಬಲ್ಲಿಗೆ ನಾನೇ ನೀರು ಕೊಂಡುಹೋದೆ. ಹೋಟೆಲಿನಲ್ಲಿ ಭೂಕಂಪವಾದಂತೆ ಆಯಿತು. ಮಾಲಿಕ ಎದ್ದನೆಂದರೆ ಏನೋ ಎಡವಟ್ಟಾಗಿದೆ ಎಂದು ರಮೇಶ ಬಿಳಿಚಿಕೊಂಡ. ಅಡುಗೆಯವರು ಕಿಂಡಿಯಿಂದ ತಲೆ ಹಾಕಿ ನೋಡಿ, ಕೇಳದೆಯೇ ಎಲ್ಲರಿಗೂ ಹೊಸ ಚಟ್ನಿ ಕಳಿಸಿದರು. ನೀರು ಇಟ್ಟ ಟೇಬಲ್ಲಿನವರು ಎದ್ದು ನಿಂತು, "ಅಣ್ಣಾ, ತುಮ್ಹಿ ಕಶಾಲಾ?" ಎಂದು ಲೋಟ ಕಸಿದುಕೊಂಡರು. ನೀವ್ಯಾಕೆ ತೊಂದರೆ ತೆಗೆದುಕೊಂಡಿರಿ ಎಂದು. ನಾನು ಡಾಕ್ಟರು ಹೇಳಿದ್ದಾರೆ ಎಂದರೆ ಮುಗಿಯಿತು, ಮೈ ಹುಷಾರಿಲ್ಲವಾ ಎಂದು ಇನ್ನೂ ನಾಲ್ಕು ಜನ ಬಸಾ ಎನ್ನುತ್ತಾರೆ. ಕುರ್ಚಿಯಿಂದ ಏಳುವುದಕ್ಕೆ ಕಾಲಿನ ಬಲ ಸಾಲದು. ಬಸಾ ಎಂದವರಿಗೆ ಬೇಡ ಎನ್ನುವ ಮುಖದ ಬಲವೂ ಬೇಕು ಎಂದು ಆಗ ಗೊತ್ತಾಯಿತು.

ನಿಧಾನವಾಗಿ ಎಲ್ಲರಿಗೂ ರೂಢಿಯಾಯಿತು. ಈಗ ಕೊತ್ತಂಬರಿಯೋ ನಿಂಬೆಹಣ್ಣೋ ಕಡಿಮೆ ಬಿದ್ದರೆ ನಾನೇ ನಡೆದು ಹೋಗುತ್ತೇನೆ. ಫೋನು ಬಂದರೆ ಬಾಗಿಲಿಗೂ ಕಿಂಡಿಗೂ ನಡುವೆ ಓಡಾಡುತ್ತಾ ಮಾತಾಡುತ್ತೇನೆ. ಸೋಪು ಬಿದ್ದರೆ ಗೋಡೆ ಹಿಡಿಯದೆ ಎತ್ತಿಕೊಳ್ಳುತ್ತೇನೆ. ತಗ್ಗು ಬಿದ್ದ ಸ್ಪಂಜಿನ ಮೇಲೆ ಬಹಳ ಹೊತ್ತು ಕೂತರೆ ಕೆಳಗಿನ ಹಲಗೆ ಒತ್ತುತ್ತದೆ, ಒತ್ತಿದಾಗ ಎದ್ದು ಒಂದು ಸುತ್ತು ಹೋಗಿಬರುತ್ತೇನೆ. ರಿಪೇರಿಯವನನ್ನು ಕರೆದದ್ದು ಹಳೆಯ ಅಭ್ಯಾಸದಿಂದ, ಕಳಿಸಿದ್ದು ಇದಕ್ಕಾಗಿ.

ಆದರೆ ಹೀಗೆ ಓಡಾಡುವಾಗಲೇ ಒಂದು ದಿನ, ನನಗೇ ತಿಳಿಯದೆ ನನ್ನ ಅಂಗೈ ಒಂದು ಟೇಬಲ್ಲಿನ ಮೂಲೆಯನ್ನು ಮುಟ್ಟಿತು. ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ಕಷ್ಟಪಟ್ಟು, ಡಾಕ್ಟರಿಗೆ ಫೀಸು ಕೊಟ್ಟು ನಾನು ಕಲಿಯುತ್ತಿದ್ದುದು ಏನನ್ನು? ಮಾವ ದಿನವಿಡೀ ಮಾಡುತ್ತಿದ್ದುದನ್ನೇ. ಅದನ್ನು ಅವರಿಂದ ಬಿಡಿಸಿದ್ದು ನಾವು, ಅದೂ ಹೂವಿನ ಮಾಲೆ ಹಾಕಿ. ಆ ದಿನ ಗಲ್ಲಾಕ್ಕೆ ವಾಪಸು ಬಂದು ಕೂತಾಗ ಅಳು ಬಂತು. ಗಿರಾಕಿಗಳೆದುರು ಅಳುವಂತಿಲ್ಲವಲ್ಲ, ಸುಮ್ಮನೆ ಚಿಲ್ಲರೆ ಹುಡುಕುವವನ ಹಾಗೆ ಗಲ್ಲಾದೊಳಗೆ ತಲೆ ಬಗ್ಗಿಸಿಕೊಂಡಿದ್ದೆ.

ಡಾಕ್ಟರಮ್ಮನನ್ನು ಮನೆಗೇ ಕರೆತಂದೆ. ಅವರು ಮಾವನ ಮಂಡಿ, ಪಾದ, ಮೀನಖಂಡ ಎಲ್ಲ ಒತ್ತಿ ನೋಡಿದರು. ಬಾಗಿಲ ಬಳಿ ಬಂದು ಸಣ್ಣ ದನಿಯಲ್ಲಿ, "ಭಾಳ ತಡಾ ಆಗ್ಯದ್ರೀ. ಮೊದಲಿನಂಗ ಆಗೂದಿಲ್ಲ. ಆದ್ರ ಸುಮ್ಮ ಬಿಡಬ್ಯಾಡ್ರಿ. ಹಿಡಕೊಂಡು ನಾಕ್ ಹೆಜ್ಜಿ ಹಾಕಸ್ರಿ. ಇವರ ಕೈಗೂ ಏನೂ ಒಯ್ದು ಕೊಡಬ್ಯಾಡ್ರಿ, ಎದ್ದು ಬಂದು ತಗೊಳ್ಳಿ" ಎಂದರು.

ಬಾಲ್ಕನಿಯಿಂದ ಅಡುಗೆಮನೆಗೆ ಮಾವನ ನಡಿಗೆ ಶುರುವಾಯಿತು. ಗೋಡೆ, ಊಟದ ಟೇಬಲ್ಲು, ಫ್ರಿಜ್ಜು ಹೀಗೆ ಒಂದೊಂದನ್ನೇ ಹಿಡಿದು ನಡೆಯುವರು. ನಾನು ಹಿಂದೆ ಕೈ ಚಾಚಿಕೊಂಡು ಹೋಗುತ್ತಿದ್ದೆ, ಸುಮತಿ ಮುಂದೆ ನೀರಿನ ಲೋಟ ಹಿಡಿದು, ಕೊಡದೆ, ನಿಂತಿರುತ್ತಿದ್ದಳು. ಅವಳ ಪಾಲಿಗೆ ಅದು ಬಹಳ ಕಷ್ಟ. "ಬಾಯಾರಿಕೆ ಆದವರನ್ನು ಹೀಗೆ ನಿಲ್ಲಿಸುವುದಾ? ನಂಗೆ ಆಗುವುದಿಲ್ಲ ಅಪ್ಪ" ಎಂದು ನನ್ನ ಮೇಲೆ ರೇಗುತ್ತಿದ್ದಳು. ಮಾವ ಮಾತ್ರ ಖುಷಿಯಾಗಿದ್ದರು. ಫ್ರಿಜ್ಜು ಮುಟ್ಟಿದ ದಿನ ಅದರ ಮೂಲೆಯನ್ನು ಅಂಗೈಯಿಂದ ತಟ್ಟಿ, ನನ್ನ ಕಡೆ ತಿರುಗಿ, "ಹೋಟ್ಲಿಗೆ ಹೋಯ್ಕ್ ಮಾರಾಯ. ಬಾಗ್ಲಿಂದ ಕಿಂಡಿವರೆಗೆ ಒಂದ್ ಸರ್ತಿ ನಡೀಕ್. ಸಾಕ್, ಅಷ್ಟೇ" ಎಂದರು. ಹೋಗಬೇಕು, ನಡೆಯಬೇಕು ಎಂದು ತನಗಾಗಿ ಅವರು ನನ್ನಲ್ಲಿ ಕೇಳಿದ್ದು ಅದೇ ಮೊದಲು.

ಹೊಸ ಹೋಟೆಲಿನಲ್ಲಿ ಟೇಬಲ್‌ಗಳು ದೂರ ದೂರ. ಗಿರಾಕಿಗಳಿಗೆ ಆರಾಮಾಗಲಿ ಎಂದು ನಾನೇ ಹಾಗೆ ಹಾಕಿಸಿದ್ದೆ. ಕರೆದೊಯ್ಯುವ ದಿನ ಬೆಳಿಗ್ಗೆ ಬೇಗ ಹೋಗಿ, ಬಾಗಿಲಿನಿಂದ ಕಿಂಡಿಯವರೆಗಿನ ಒಂದು ಸಾಲನ್ನು ನಾನೇ ಎಳೆದೆಳೆದು ಹತ್ತಿರ ಮಾಡಿದೆ. ರಮೇಶ ಸಹಾಯಕ್ಕೆ ಬಂದ, ಬೇಡ ಎಂದೆ. ಒಂದು ಟೇಬಲ್ಲಿನ ಮೇಲೆ ಕೈಯಿಟ್ಟು, ಇನ್ನೊಂದು ಕೈ ಚಾಚಿ, ಮಾವನ ಹಳೆಯ ದೂರವನ್ನು ನನ್ನ ಮೈಯಲ್ಲೇ ಅಳೆದೆ. ಬೆವರು ಸುರಿಯುತ್ತಿತ್ತು. ಅಷ್ಟು ಸಂತೋಷದ ಬೆವರು ನಾನು ಕಾಣದೆ ಎಷ್ಟೋ ಕಾಲವಾಗಿತ್ತು.

ಬೆಳಗಿನ ಗದ್ದಲ ಇಳಿದ ಮೇಲೆ ಮಾವನನ್ನು ರಿಕ್ಷಾದಲ್ಲಿ ಕರೆತಂದೆವು. ಸುಮತಿ ಅವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿದ್ದಳು. ಹೆಗಲ ಮೇಲೆ ಟವೆಲ್ ಅವರೇ ಹಾಕಿಕೊಂಡಿದ್ದರು. ಯಾರೂ ಹಿಡಿಯಬಾರದು, ಯಾರೂ ಬಸಾ ಎನ್ನಬಾರದು ಎಂದು ನಮ್ಮವರಿಗೆಲ್ಲ ಮೊದಲೇ ಹೇಳಿಟ್ಟಿದ್ದೆ. ಮಾವ ಬಾಗಿಲಲ್ಲಿ ನಿಂತು ಒಮ್ಮೆ ಇಡೀ ಹೋಟೆಲನ್ನು ನೋಡಿದರು. ಮೊದಲ ಟೇಬಲ್ಲಿನ ಮೂಲೆ ಮುಟ್ಟಿದರು. ಕೈ ಚಾಚಿದರು, ಎರಡನೆಯದು ಸಿಕ್ಕಿತು. ತಿರುಗಿ ನನ್ನ ಮುಖ ನೋಡಿದರು. ದೂರ ಸರಿಯಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ಕಿಂಡಿಯ ಹಿಂದೆ ಅಡುಗೆಯವರು ಒಲೆ ಬಿಟ್ಟು ನಿಂತಿದ್ದರು, ಕಿಂಡಿಯ ಹಲಗೆಯ ಮೇಲೆ ಕಾಫಿಯ ಲೋಟ ಹೊಗೆಯಾಡುತ್ತಿತ್ತು. ಮಾವ ಕಾಲೆತ್ತಿ ಇಡುವಾಗ ನನ್ನ ಕಾಲೂ ಚಪ್ಪಲಿಯೊಳಗೆ ಬಿಗಿಯಾಗುತ್ತಿತ್ತು.

ಆ ಸಾಲಿನ ನಡುವಿನ ಟೇಬಲ್ಲಿನಲ್ಲಿ ಒಬ್ಬಳು ಕಾಲೇಜು ಹುಡುಗಿ ದೋಸೆ ತಿನ್ನುತ್ತಾ, ಮೊಬೈಲು ನೋಡುತ್ತಾ ಕೂತಿದ್ದಳು. ಗಿರಾಕಿಗಳಿಗೆ ಹೇಳಿಡುವುದು ನನಗೆ ಹೊಳೆದೇ ಇರಲಿಲ್ಲ. ಅವಳ ಟೇಬಲ್ಲಿನ ಮೂಲೆಗೆ ಆಸರೆ ಹುಡುಕುತ್ತಾ ಒಂದು ಕೈ ಬಂತು. ತಲೆ ಎತ್ತಿದಳು. ತಟ್ಟನೆ ಎದ್ದು, ತನ್ನ ಕುರ್ಚಿಯನ್ನೇ ಹಿಂದಕ್ಕೆ ಎಳೆದು, ಮಾವನ ತೋಳು ಹಿಡಿದುಕೊಂಡು, "ಆಜೋಬಾ, ಬಸಾ ನಾ" ಎಂದಳು. ಅಜ್ಜಾ, ಕೂತ್ಕೊಳ್ಳಿ ಎಂದು. ಅದಕ್ಕಿಂತ ಮೃದುವಾಗಿ ಯಾರೂ ಯಾರಿಗೂ ಹೇಳಿರಲಾರರು.

ಮಾವ ಕಿಂಡಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಒಂದು ಮಾತು ಹೇಳಬಹುದಿತ್ತು. ಬೇಡ ಮಗಳೇ, ಅವರು ನಡೆಯಲಿ ಎನ್ನಬಹುದಿತ್ತು. ಬಾಯಿ ತೆರೆದೆ; ಅಂಥ ಮುಖವಿಟ್ಟುಕೊಂಡು ನಿಂತ ಹುಡುಗಿಗೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಮಾವನಂತೂ ಗಿರಾಕಿಯ ಮಾತಿಗೆ ಎಂದೂ ಇಲ್ಲ ಎಂದವರಲ್ಲ.

ಮಾವ ಕೂತರು.

ಕೂತವರು ಟೇಬಲ್ಲಿನ ಮೇಲೆ ಅಂಗೈ ಇಟ್ಟು, ಉಸಿರು ಸುಧಾರಿಸಿಕೊಳ್ಳುತ್ತಾ, "ಕಸಂ ಆಹೆ? ಗರಮ್ ಆಹೆ ನಾ?" ಎಂದು ಹುಡುಗಿಯನ್ನು ಕೇಳಿದರು. "ಹೋ ಆಜೋಬಾ, ಮಸ್ತ್," ಎಂದಳು ಅವಳು. ಪಾಪ, ನಿಂತುಕೊಂಡೇ ಉಳಿದ ದೋಸೆ ತಿಂದು, ಮಾವನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಕಿಂಡಿಗೆ ಇನ್ನು ಎರಡೇ ಟೇಬಲ್ಲು ಉಳಿದಿತ್ತು. ಮತ್ತೆ ಏಳಿಸಲು ನಾವೆಲ್ಲ ಎಷ್ಟು ಪ್ರಯತ್ನಪಟ್ಟರೂ ಕಾಲುಗಳು ಒಪ್ಪಲಿಲ್ಲ. ಕಾಫಿಯನ್ನು ರಮೇಶನೇ ಅವರ ಹತ್ತಿರ ತಂದಿಟ್ಟ. ಆರಿತ್ತು. ಮಾವ ಅದನ್ನೇ ಕುಡಿದರು.

ಆ ಸಂಜೆ ಬಾಲ್ಕನಿಯಲ್ಲಿ ಅವರ ಪಕ್ಕದಲ್ಲಿ ನಿಂತೆ. ಕಾತ್ರಜದ ಕಡೆ ಗುಡ್ಡಗಳ ಮೇಲೆ ದೀಪಗಳು ಹತ್ತಿಕೊಳ್ಳುತ್ತಿದ್ದವು. "ಮುಂದಿನ ವಾರ ಮತ್ತೆ ಹೋಪ, ಮಾವ. ಈ ಸಲ ಬಾಗಿಲು ತೆಗೆಯುವ ಮೊದಲೇ ಹೋಪ, ಯಾರೂ ಇರುದಿಲ್ಲ" ಎಂದೆ.

ಮಾವ ನನ್ನ ಕೈಯನ್ನು, ಟೇಬಲ್ಲಿನ ಮೂಲೆಯನ್ನು ಮುಟ್ಟುತ್ತಿದ್ದ ಹಾಗೆ, ಒಮ್ಮೆ ಮುಟ್ಟಿದರು.

"ಕಾಂಬ," ಎಂದರು.

ಅಲ್ಲಿ ನಿಲ್ಲಲಾಗದೆ ಒಳಗೆ ಹೋಗಿ ನೀರು ಕುಡಿದೆ. ಅವರಿಗೂ ಬಾಯಾರಿರಬಹುದು ಎನಿಸಿತು, ಒಂದು ಲೋಟ ತುಂಬಿಸಿ ತಂದೆ. ಕೈಗೆ ಕೊಟ್ಟ ಮೇಲೆ ನೆನಪಾಯಿತು.